ಹುಳಿತೇಗೂ ಗಡಿಯಾರವೂ

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಊಟವನ್ನು ಬಲ್ಲುದೆಂದರೇನು? ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬುದನ್ನು ತಿಳಿದರೆ ಸಾಕೆಂದು ಬಹುಮಂದಿ ಭಾವಿಸುತ್ತಾರೆ. ಯಾವಾಗ ಉಣ್ಣಬೇಕು, ಉಂಡ ಮೇಲೆ ಹೇಗಿರಬೇಕು ಎಂಬ ಉಳಿದರ್ಧವನ್ನು ಮರೆಯುತ್ತಾರೆ. ಆ ಮರೆವಿನ ಫಲವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಪರೀಕ್ಷೆಯ ದಿನಗಳಲ್ಲಿ ಯಾವ ವಿದ್ಯಾರ್ಥಿನಿಲಯಕ್ಕೆ ಕಾಲಿಟ್ಟರೂ ಸಾಕು. ಒಬ್ಬನಿಗೆ ಎದೆಯುರಿ, ಮತ್ತೊಬ್ಬನಿಗೆ ಹುಳಿತೇಗು, ಇನ್ನೊಬ್ಬನಿಗೆ ಬೆಳಗ್ಗೆ ಎದ್ದರೆ ಬಾಯಿ ಹುಳಿ, ಗಂಟಲು ಕರಕರ. ವಿಚಾರಿಸಿದರೆ ಎಲ್ಲರದೂ ಒಂದೇ ಉತ್ತರ: "ಏನಿಲ್ಲ, ಸ್ವಲ್ಪ ಗ್ಯಾಸು." ಅಂಗಡಿಯಿಂದ ಗುಳಿಗೆ ಬರುತ್ತದೆ, ಹೊಟ್ಟೆಗೆ ಇಳಿಯುತ್ತದೆ, ಮರುದಿನ ಮತ್ತೆ ಅದೇ ಕಥೆ.

ಈ ಬಾಧೆಗೆ ಮೊದಲ ಮದ್ದು ಗುಳಿಗೆಯಲ್ಲ, ಗಡಿಯಾರ ಎಂಬುದು ನನ್ನ ಅಭಿಪ್ರಾಯ. ಆ ಗಡಿಯಾರವನ್ನು ತಿದ್ದುವ ಹೊಣೆ ಬಾಧೆಪಡುವವನೊಬ್ಬನದೇ ಅಲ್ಲ ಎಂಬುದನ್ನೂ ಹೇಳಬೇಕಾಗಿದೆ.

ಮೊದಲು ಆಮ್ಲದ ಮೇಲಿರುವ ಅಪವಾದವನ್ನು ಕಳೆಯೋಣ. ಹೊಟ್ಟೆಯಲ್ಲಿ ಆಮ್ಲವಿರುವುದೇ ರೋಗವಲ್ಲ. ಜಠರರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ ಎಂಬ ವೈದ್ಯರು ೧೮೨೪ರಲ್ಲಿಯೇ ತೋರಿಸಿಕೊಟ್ಟರು. ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಗುಂಡು ತಗುಲಿ, ಗಾಯ ಮಾಯ್ದರೂ ಜಠರಕ್ಕೊಂದು ಕಿಂಡಿ ಉಳಿದುಬಿಟ್ಟಿತು. ವಿಲಿಯಂ ಬ್ಯೂಮಾಂಟ್ ಎಂಬ ಸೈನ್ಯದ ವೈದ್ಯರು ಆಹಾರದ ತುಣುಕುಗಳನ್ನು ದಾರಕ್ಕೆ ಕಟ್ಟಿ ಆ ಕಿಂಡಿಯೊಳಗೆ ಇಳಿಬಿಟ್ಟು, ಅವು ಕರಗುವ ಬಗೆಯನ್ನು ಪರೀಕ್ಷಿಸಿ, ೧೮೩೩ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಆಹಾರ ಪಚನವಾಗುವುದಕ್ಕೂ, ಅದರೊಡನೆ ಒಳಹೊಕ್ಕ ಕ್ರಿಮಿಗಳು ನಾಶವಾಗುವುದಕ್ಕೂ ಈ ಆಮ್ಲ ಬೇಕು. ಅದನ್ನು ತಾಳಿಕೊಳ್ಳಲು ಜಠರದ ಒಳಮೈಗೆ ಲೋಳೆಯ ಕವಚವಿದೆ. ಮೇಲಿರುವ ಅನ್ನನಾಳಕ್ಕೆ, ಸುಮಾರು ೨೫ ಸೆಂಟಿಮೀಟರ್ ಉದ್ದದ ಆ ಮೃದುವಾದ ಕೊಳವೆಗೆ, ಅಂಥ ಕವಚವಿಲ್ಲ. ಒಲೆಯಲ್ಲಿದ್ದರೆ ಅನ್ನ ಬೇಯಿಸುವ ಬೆಂಕಿ ಸೂರಿಗೆ ಹತ್ತಿದರೆ ಮನೆಯನ್ನು ಸುಡುತ್ತದೆ. ಎದೆಯುರಿಯೂ ಹಾಗೆಯೇ, ಸಾಮಾನ್ಯವಾಗಿ ಅಲ್ಲಿ ತೊಂದರೆ ಆಮ್ಲ ಹೆಚ್ಚಾದದ್ದರಿಂದಲ್ಲ, ಇರಬಾರದ ಜಾಗಕ್ಕೆ ಅದು ಏರಿದ್ದರಿಂದ.

ನಮ್ಮ ಪ್ರಾಚೀನ ವೈದ್ಯರು ಈ ಏರುವಿಕೆಯನ್ನು ಗಮನಿಸದೆ ಇರಲಿಲ್ಲ. ಮಾಧವನಿದಾನವು ಆಮ್ಲಪಿತ್ತವೆಂಬ ರೋಗವನ್ನು ವರ್ಣಿಸುವಾಗ ಹುಳಿತೇಗು, ಎದೆ ಮತ್ತು ಗಂಟಲಿನ ಉರಿಗಳನ್ನು ಹೇಳುತ್ತದೆ. ಮೇಲ್ಮುಖವಾದುದನ್ನು ಊರ್ಧ್ವಗವೆಂದು ಬೇರೆಯಾಗಿಯೇ ಗುರುತಿಸುತ್ತದೆ.

ಏರದಂತೆ ತಡೆಯುವುದು ಯಾವುದು? ಅನ್ನನಾಳವು ಜಠರವನ್ನು ಸೇರುವೆಡೆಯಲ್ಲಿ ಸ್ನಾಯುವಿನದೊಂದು ಉಂಗುರವಿದೆ. ನುಂಗಿದಾಗ ತೆರೆದು, ತುತ್ತು ಇಳಿದ ಮೇಲೆ ಮುಚ್ಚಿಕೊಳ್ಳುವ ಬಾಗಿಲು ಅದು. ಹೊಟ್ಟೆ ಬಿರಿಯ ಉಂಡರೆ ಅದು ಮತ್ತೆಮತ್ತೆ ಸಡಿಲುತ್ತದೆ. ಬೀಡಿ ಸಿಗರೇಟುಗಳೂ ಅದನ್ನು ಸಡಿಲಿಸುತ್ತವೆ. ಬೊಜ್ಜು, ಬಿಗಿದ ನಡುಪಟ್ಟಿಗಳು ಕೆಳಗಿನಿಂದ ಒತ್ತುತ್ತವೆ. ನಿಂತಾಗ, ಕುಳಿತಾಗ ಭೂಮಿಯ ಆಕರ್ಷಣೆಯೇ ನಮಗೆ ಸಹಾಯಕ, ಏರಿದ್ದು ಇಳಿದುಹೋಗುತ್ತದೆ. ಮಲಗಿದೊಡನೆ ಆ ಸಹಾಯ ತಪ್ಪಿತು. ನಿದ್ದೆಯಲ್ಲಿ ಜೊಲ್ಲು ಸುರಿಯುವುದೂ ನುಂಗುವುದೂ ಕಡಮೆಯಾಗುವುದರಿಂದ ಏರಿದ ಆಮ್ಲ ಬಹಳ ಹೊತ್ತು ಅಲ್ಲಿಯೇ ನಿಲ್ಲುತ್ತದೆ. ಒಂಬತ್ತೂವರೆಗೆ ಹೊಟ್ಟೆತುಂಬ ಉಂಡು ಹತ್ತಕ್ಕೆ ಹಾಸಿಗೆ ಸೇರುವವನು ತುಂಬಿದ ಕೊಡವನ್ನು ಅಡ್ಡ ಮಲಗಿಸಿದಂತೆ ತನ್ನ ಹೊಟ್ಟೆಯನ್ನು ಮಲಗಿಸುತ್ತಾನೆ.

ಆದುದರಿಂದ ಊಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ಗಂಟೆಗಳ ಅಂತರವಿರಬೇಕು. ರಾತ್ರಿಯ ಊಟ ಹಗಲಿನದಕ್ಕಿಂತ ಹಗುರವಾಗಿರಬೇಕು. ರಾತ್ರಿ ಬಾಧೆಯುಳ್ಳವರು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಗಳನ್ನಿಟ್ಟು ೧೫ರಿಂದ ೨೦ ಸೆಂಟಿಮೀಟರ್ ಎತ್ತರಿಸಬಹುದು. ದಿಂಬಿನ ಮೇಲೆ ದಿಂಬು ಪೇರಿಸಿದರೆ ಕತ್ತು ಬಗ್ಗುವುದೇ ಹೊರತು ಪ್ರಯೋಜನವಿಲ್ಲ. ಚಾಪೆಯ ಮೇಲೆ ಮಲಗುವವರಿಗೆ ಎಡಮಗ್ಗುಲು ಮೇಲು; ಆಗ ಜಠರ ಅನ್ನನಾಳಕ್ಕಿಂತ ತಗ್ಗಿನಲ್ಲಿರುತ್ತದೆ. ನಮ್ಮ ಹಿರಿಯರ ವಾಮಕುಕ್ಷಿಯಲ್ಲಿ ಮಗ್ಗುಲೇನೋ ಸರಿ. ಎಲೆಯಿಂದೆದ್ದೊಡನೆ ಒರಗುವುದು ಮಾತ್ರ ಸರಿಯಲ್ಲ. ಇನ್ನು ಖಾರ ಬಿಡು, ಹುಳಿ ಬಿಡು, ಕಾಫಿ ಬಿಡು ಎಂದು ಎಲ್ಲರಿಗೂ ಒಂದೇ ನಿಷೇಧ ಹಾಕುವುದು ಅನಾವಶ್ಯಕ. ಒಬ್ಬನಿಗೆ ಒಗ್ಗದ್ದು ಮತ್ತೊಬ್ಬನಿಗೆ ಒಗ್ಗೀತು. ತನಗೆ ಯಾವುದು ಉರಿ ತರುತ್ತದೆಂದು ಗಮನಿಸಿ ಅದನ್ನಷ್ಟೇ ಬಿಟ್ಟರಾಯಿತು.

ಗುಳಿಗೆಯನ್ನು ನಾನು ಹಳಿಯುತ್ತಿಲ್ಲ. ಒಮಿಪ್ರಜೋಲ್ ಮತ್ತು ಅದರ ಜಾತಿಯ ಔಷಧಗಳು ಅನ್ನನಾಳದ ಹುಣ್ಣುಗಳನ್ನು ಮಾಯಿಸಿ ಅಸಂಖ್ಯ ಜನರಿಗೆ ಉಪಕಾರ ಮಾಡಿವೆ. ವೈದ್ಯರು ಕೊಟ್ಟಿದ್ದರೆ ಊಟಕ್ಕೆ ಅರ್ಧ ಅಥವಾ ಒಂದು ಗಂಟೆ ಮುಂಚೆ ನುಂಗಬೇಕು, ತಾನಾಗಿ ನಿಲ್ಲಿಸಲೂ ಬಾರದು. ಆದರೆ ಅವು ಆಮ್ಲವನ್ನು ತಗ್ಗಿಸುತ್ತವೆಯೇ ಹೊರತು ಸಡಿಲಾದ ಬಾಗಿಲನ್ನು ಮುಚ್ಚುವುದಿಲ್ಲ. ಬಾಗಿಲು ತೆರೆಯುವ ಅಭ್ಯಾಸಗಳನ್ನು ಹಾಗೆಯೇ ಇಟ್ಟುಕೊಂಡು ವರ್ಷಗಟ್ಟಲೆ ಅಂಗಡಿಯ ಗುಳಿಗೆಯನ್ನು ನಂಬುವುದು ವಿವೇಕವಲ್ಲ.

ನಮ್ಮ ಗುರುಗಳಿಗೂ ಒಂದು ಬಿನ್ನಹ. ಕಂಠವೇ ಅವರ ಜೀವನೋಪಾಯ. ಆಮ್ಲ ಗಂಟಲಿನವರೆಗೆ ಏರಿದರೆ ಧ್ವನಿ ಒಡೆಯಬಹುದು, ಪದೇ ಪದೇ ಕೆಮ್ಮಿ ಗಂಟಲು ಸರಿಪಡಿಸಿಕೊಳ್ಳಬೇಕೆನಿಸಬಹುದು, ಏನೋ ಉಂಡೆ ಸಿಕ್ಕಿಕೊಂಡಂತೆ ತೋರಬಹುದು. ಎದೆಯುರಿ ಇಲ್ಲದೆಯೂ ಹೀಗಾಗುವುದುಂಟು. ಹಾಗೆಂದು ಗಂಟಲಿನ ತೊಂದರೆಯೆಲ್ಲ ಆಮ್ಲದ್ದೇ ಎನ್ನಲಾಗದು. ಬ್ರಿಟನ್ನಿನಲ್ಲಿ ಬಹುಕಾಲದ ಗಂಟಲಿನ ತೊಂದರೆಯುಳ್ಳ ೩೪೬ ಮಂದಿಯ ಮೇಲೆ ನಡೆದು ೨೦೨೧ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಮ್ಲ ತಗ್ಗಿಸುವ ಲ್ಯಾನ್ಸೊಪ್ರಜೋಲ್ ಬರಿಯ ಹುಸಿಗುಳಿಗೆಗಿಂತ ಹೆಚ್ಚಿನ ಗುಣವನ್ನು ತೋರಿಸಲಿಲ್ಲ. ದಿನವೂ ತಾಸುಗಟ್ಟಲೆ ಎತ್ತರದ ದನಿಯಲ್ಲಿ ಪಾಠ ಹೇಳುವುದು, ಸೀಮೆಸುಣ್ಣದ ಧೂಳು, ಶೀತ, ತಂಬಾಕು, ಇವೆಲ್ಲವೂ ಧ್ವನಿಯನ್ನು ಕೆಡಿಸಬಲ್ಲವು. ಮೂರು ನಾಲ್ಕು ವಾರಗಳಾದರೂ ಧ್ವನಿ ತಿಳಿಯಾಗದಿದ್ದರೆ ಗಂಟಲಿನ ವೈದ್ಯರಿಗೆ ತೋರಿಸಲೇಬೇಕು.

ಇನ್ನೊಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯವಾದುದು. ಎದೆ ಹಿಂಡಿದಂತಾಗಿ, ನೋವು ತೋಳಿಗೋ ದವಡೆಗೋ ಹರಡಿ, ಬೆವರು ಕಿತ್ತುಬಂದರೆ ಅದು ಹೃದಯದ ಕರೆಯಾಗಿರಬಹುದು. "ಗ್ಯಾಸು" ಎಂದು ಸೋಡಾ ಕುಡಿಸಿ ಮಲಗಿಸುವ ಹೊತ್ತು ಅದಲ್ಲ; ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ನುಂಗಲು ಕಷ್ಟವಾಗುವುದು, ಕಾರಣವಿಲ್ಲದೆ ಮೈ ಇಳಿಯುವುದು, ರಕ್ತವಾಂತಿ, ಕಪ್ಪು ಮಲ, ಇವುಗಳಿಗೂ ಮನೆಮದ್ದು ಕೂಡದು. ಗ್ಯಾಸೆಂಬ ಒಂದೇ ಮಾತಿನ ಮರೆಯಲ್ಲಿ ಎಷ್ಟೋ ರೋಗಗಳು ಅಡಗಿಕೊಳ್ಳಬಲ್ಲವು.

"ಹೊತ್ತಿಗೆ ಸರಿಯಾಗಿ ಉಣ್ಣುವ ಭಾಗ್ಯ ಎಲ್ಲರಿಗೂ ಇದೆಯೇ?" ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಸುಕಿನ ಬಸ್ಸು ಹಿಡಿದು ಬರಿಹೊಟ್ಟೆಯಲ್ಲಿ ತರಗತಿಗೆ ಬರುವವರು, ಸಂಜೆ ಎಲ್ಲಿಯೋ ದುಡಿದು ರಾತ್ರಿ ಮನೆ ಸೇರುವವರು ನಮ್ಮಲ್ಲಿ ಅನೇಕರಿದ್ದಾರೆ. ದಿನವಿಡೀ ಹಸಿದವನು ರಾತ್ರಿ ಮಿತವಾಗಿ ಉಣ್ಣಲೆಂದು ಉಪದೇಶಿಸುವುದು ಸುಲಭ, ಪಾಲಿಸುವುದು ಕಷ್ಟ. ಆದ ಕಾರಣವೇ ಇದು ಕೇವಲ ವೈಯಕ್ತಿಕ ಶಿಸ್ತಿನ ಮಾತಲ್ಲವೆಂದು ನಾನು ಹೇಳಿದುದು. ವಿದ್ಯಾರ್ಥಿನಿಲಯದ ಊಟದ ಗಂಟೆಯನ್ನು ಏಳೂವರೆಗೆ ಬಾರಿಸಲು ಹೆಚ್ಚಿನ ಹಣ ಬೇಕಿಲ್ಲ. ಓದು ಊಟದ ನಂತರ ನಡೆಯಲಿ. ಓದುವವನು ಕುಳಿತಿರುತ್ತಾನೆ, ಹೊಟ್ಟೆಗೆ ಬೇಕಾದ ಅಂತರ ತಾನಾಗಿಯೇ ದೊರೆಯುತ್ತದೆ. ಮಧ್ಯಾಹ್ನದ ವಿರಾಮ ಬುತ್ತಿ ಬಿಚ್ಚಿ ನಿಧಾನವಾಗಿ ಉಣ್ಣುವಷ್ಟಾದರೂ ಇರಲಿ. ಹಗಲು ಉಂಡವನು ರಾತ್ರಿ ಮುಗಿಬೀಳುವುದಿಲ್ಲ. ಬರುವ ವರ್ಷದ ವೇಳಾಪಟ್ಟಿಯನ್ನು ಸಿದ್ಧಪಡಿಸುವ ಹಿರಿಯರು ಪಾಠದ ಗಂಟೆಗಳೊಡನೆ ಈ ಎರಡು ಗಂಟೆಗಳನ್ನೂ ಆಲೋಚಿಸಬೇಕೆಂದು ವಿನಂತಿಸುತ್ತೇನೆ.