ರಿಕೆಲ್ಮೆ ನಿಧಾನವಂತೆ!

ಫುಟ್‌ಬಾಲ್ ಮಾತು ಬಂದಾಗಲೆಲ್ಲ ನನಗೂ ಗೆಳೆಯರಿಗೂ ಒಂದು ಜಗಳ ತಪ್ಪಿದ್ದಲ್ಲ. ಅರ್ಜೆಂಟೀನಾದ ಹುವಾನ್ ರೊಮಾನ್ ರಿಕೆಲ್ಮೆ ಹೆಸರು ಎತ್ತಿದ ಕೂಡಲೇ ಅವರ ತೀರ್ಪು ಸಿದ್ಧ: "ಪ್ರತಿಭೆ ಇತ್ತಪ್ಪ, ಆದ್ರೆ ನಿಧಾನ. ಓಡ್ತಿರ್ಲಿಲ್ಲ. ಅದಕ್ಕೇ ಯುರೋಪಿನಲ್ಲಿ ನಡೀಲಿಲ್ಲ." ನಿಧಾನ ಅನ್ನೋದನ್ನು ಬೇಕಾದರೆ ಒಪ್ಪೋಣ. ಆ 'ಅದಕ್ಕೇ' ಇದೆಯಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ.

ಅರ್ಜೆಂಟೀನಾದಲ್ಲಿ ಇಂಥ ಆಟಗಾರನಿಗೆ 'ಎಂಗಾಂಚೆ' ಅಂತಾರೆ. ಕೊಕ್ಕೆ ಅಂತ ಅರ್ಥ. ಮಿಡ್‌ಫೀಲ್ಡನ್ನೂ ಮುಂಚೂಣಿಯವರನ್ನೂ ಜೋಡಿಸುವ ಕೊಕ್ಕೆ. ಚೆಂಡು ಅವನ ಬಳಿ ಬರಬೇಕು, ಉಳಿದವರು ಓಡಬೇಕು, ಯಾರು ಎಲ್ಲಿಗೆ ತಲುಪುತ್ತಾರೆ ಅಂತ ನೋಡಿಕೊಂಡು ಅವನು ಕಳಿಸಬೇಕು. ಇದಕ್ಕೆ ಬೇಕಾದ್ದು ಕಾಲಿನ ವೇಗವಲ್ಲ, ಮೂವರು ಮೈಮೇಲೆ ಬೀಳುತ್ತಿದ್ದರೂ ಇನ್ನೊಂದು ಕ್ಷಣ ಕಾಯುವ ಧೈರ್ಯ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ. ಜಿ.ಆರ್. ವಿಶ್ವನಾಥ್ ಲೇಟ್ ಕಟ್ ಹೊಡೆದರೆ "ಎಷ್ಟು ತಡವಾಗಿ ಆಡಿದ ನೋಡು" ಅಂತ ಹೊಗಳುತ್ತೇವೆ. ಫುಟ್‌ಬಾಲ್‌ಗೆ ಬಂದರೆ ಮಾತ್ರ ತಡ ಅನ್ನೋದು ಬೈಗುಳ!

2000ದ ಕೋಪಾ ಲಿಬರ್ಟಡೋರೆಸ್ ಕ್ವಾರ್ಟರ್ ಫೈನಲ್ ನೆನಪಿಸಿಕೊಳ್ಳಿ. ಬೊಕಾ ಜೂನಿಯರ್ಸ್ ಎದುರು ಬದ್ಧ ವೈರಿ ರಿವರ್ ಪ್ಲೇಟ್. ಮೈದಾನದ ಅಂಚಿನಲ್ಲಿ ರಿಕೆಲ್ಮೆ, ಬೆನ್ನಿಗೆ ಅಂಟಿಕೊಂಡಂತೆ ಮಾರಿಯೋ ಯೆಪೆಸ್. ಇವನು ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆ ಎಳೆದು ಯೆಪೆಸ್ ಕಾಲುಗಳ ಸಂದಿಯಿಂದ ತೂರಿಸಿ, ತಾನು ಸುತ್ತಿ ಬಂದು ಮತ್ತೆ ಹಿಡಿದುಕೊಂಡ. ಬೊಕಾ 3-0 ಗೆದ್ದಿತು. ಅದೇ ನವೆಂಬರ್‌ನಲ್ಲಿ ಟೋಕಿಯೋದಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ 2-1. ಎರಡೂ ಗೋಲು ಪಲೆರ್ಮೊದ್ದು, ಮೊದಲ ಆರು ನಿಮಿಷದೊಳಗೆ. ಎರಡನೆಯದಕ್ಕೆ ಪಾಸ್ ಕೊಟ್ಟವನು ರಿಕೆಲ್ಮೆ, ತನ್ನದೇ ಅರ್ಧದಿಂದ. ಫಿಗೋ, ರೌಲ್ ಇದ್ದ ತಂಡಕ್ಕೆ ಉಳಿದ ಹೊತ್ತೆಲ್ಲ ಇವನಿಂದ ಚೆಂಡು ಕಿತ್ತುಕೊಳ್ಳುವುದೇ ಕೆಲಸವಾಯಿತು.

ಸರಿ, ಯುರೋಪಿಗೆ ಬರೋಣ. 2002ರಲ್ಲಿ ಬಾರ್ಸಿಲೋನಾ ಕೊಂಡಿತು. ಕೋಚ್ ವಾನ್ ಗಾಲ್‌ಗೆ ಇವನು ಬೇಕಿರಲಿಲ್ಲ, ಬೇಕಿದ್ದದ್ದು ಆಡಳಿತ ಮಂಡಳಿಗೆ. ಆಡಿಸಿದಾಗಲೂ ಎಷ್ಟೋ ಸಲ ನಿಲ್ಲಿಸಿದ್ದು ಮೈದಾನದ ಪಕ್ಕಕ್ಕೆ. ಅಡುಗೆಯವನನ್ನು ಕರೆತಂದು ಬಡಿಸೋಕೆ ನಿಲ್ಲಿಸಿದ ಹಾಗೆ. 2003ರಲ್ಲಿ ರೊನಾಲ್ಡಿನ್ಹೊ ಬಂದ, ಇವನನ್ನು ವಿಲ್ಲಾರಿಯಲ್‌ಗೆ ಸಾಗಹಾಕಿದರು.

ಆ ವಿಲ್ಲಾರಿಯಲ್ ಸುಮಾರು ಐವತ್ತು ಸಾವಿರ ಜನರ ಊರು. ಅಲ್ಲಿ ಮ್ಯಾನುಯೆಲ್ ಪೆಲೆಗ್ರಿನಿ ಇವನನ್ನು ಮಧ್ಯದಲ್ಲಿ ನಿಲ್ಲಿಸಿ ಸುತ್ತ ತಂಡ ಕಟ್ಟಿದರು. 2004-05ರಲ್ಲಿ ಸ್ಪೇನ್ ಲೀಗ್‌ನಲ್ಲಿ ಮೂರನೇ ಸ್ಥಾನ. ಮರುವರ್ಷ ಮೊದಲ ಸಲ ಚಾಂಪಿಯನ್ಸ್ ಲೀಗ್. ಮ್ಯಾಂಚೆಸ್ಟರ್ ಯುನೈಟೆಡ್ ಇದ್ದ ಗುಂಪಿನಲ್ಲಿ ಮೊದಲ ಸ್ಥಾನ, ಕ್ವಾರ್ಟರ್ ಫೈನಲ್‌ನಲ್ಲಿ ಇಂಟರ್ ಮಿಲಾನ್ ಮನೆಗೆ. ಇದಕ್ಕೆ 'ಯುರೋಪಿನಲ್ಲಿ ನಡೀಲಿಲ್ಲ' ಅನ್ನೋದಾದರೆ ನಡೆಯೋದು ಅಂದರೆ ಏನೋ ನನಗೆ ತಿಳಿಯದು.

ಆಮೇಲೆ ಆ ಪೆನಾಲ್ಟಿ. 2006ರ ಏಪ್ರಿಲ್ 25, ಆರ್ಸೆನಲ್ ವಿರುದ್ಧ ಸೆಮಿಫೈನಲ್‌ನ ಎರಡನೇ ಪಂದ್ಯ. ನಮಗೆ ಆಗ ಮಧ್ಯರಾತ್ರಿ ದಾಟಿತ್ತು. ಆಟ ಮುಗಿಯೋಕೆ ಒಂದೆರಡು ನಿಮಿಷ ಬಾಕಿ. ಹೊಡೆದಿದ್ದರೆ ಎರಡು ಪಂದ್ಯ ಸೇರಿ 1-1, ಹೆಚ್ಚುವರಿ ಸಮಯ. ಜರ್ಮನಿಯ ಯೆನ್ಸ್ ಲೆಹ್ಮನ್ ತಡೆದುಬಿಟ್ಟ. ಅಲ್ಲಿಗೆ ಮುಗೀತು. ಇಂದಿಗೂ ರಿಕೆಲ್ಮೆ ಅಂದರೆ ಎಷ್ಟೋ ಜನಕ್ಕೆ ಆ ಒಂದು ಒದೆತವೇ ಕಣ್ಣಮುಂದೆ ಬರೋದು. ತಂಡವನ್ನು ಅಲ್ಲಿಯತನಕ ಎಳೆದು ತಂದದ್ದು ಯಾರು ಅಂತ ಯಾರೂ ಕೇಳಲ್ಲ.

ಇದಾಗಿ ಎರಡು ತಿಂಗಳಿಗೆ ಬರ್ಲಿನ್. ವಿಶ್ವಕಪ್ ಕ್ವಾರ್ಟರ್ ಫೈನಲ್, ಜರ್ಮನಿ ವಿರುದ್ಧ. ಗೋಲಿನಲ್ಲಿ ಮತ್ತೆ ಅದೇ ಲೆಹ್ಮನ್! ರಿಕೆಲ್ಮೆ ಎತ್ತಿದ ಕಾರ್ನರ್‌ಗೆ ಅಯಾಲಾ ತಲೆ ಕೊಟ್ಟು 1-0 ಮಾಡಿದ. 72ನೇ ನಿಮಿಷದಲ್ಲಿ ಕೋಚ್ ಪೆಕರ್‌ಮನ್ ರಿಕೆಲ್ಮೆಯನ್ನು ಹೊರಗೆ ಕರೆದು ಕಾಂಬಿಯಾಸೊನನ್ನು ಇಳಿಸಿದರು. ಮುನ್ನಡೆ ಕಾಪಾಡೋಣ ಅಂತ. 80ನೇ ನಿಮಿಷಕ್ಕೆ ಕ್ಲೋಸೆ ಸಮ ಮಾಡಿದ. ಪೆನಾಲ್ಟಿಗಳಲ್ಲಿ ಅರ್ಜೆಂಟೀನಾ ಸೋತಿತು, ಲೆಹ್ಮನ್ ತಡೆದ ಕೊನೆಯ ಒದೆತ ಅದೇ ಕಾಂಬಿಯಾಸೊದು. ಗೋಲಿ ಗಾಯಗೊಂಡು ಒಂದು ಬದಲಾವಣೆ ಆಗಲೇ ಖರ್ಚಾಗಿತ್ತು, ರಿಕೆಲ್ಮೆ ದಣಿದಿದ್ದ ಅಂತ ವಾದಿಸಬಹುದು. ನನ್ನ ವಾದ ಇಷ್ಟೇ: ಮುನ್ನಡೆ ಕಾಪಾಡೋಕೆ ಚೆಂಡು ನಮ್ಮ ಹತ್ತಿರ ಇರಬೇಕು. ಅದನ್ನು ಎಲ್ಲರಿಗಿಂತ ಚೆನ್ನಾಗಿ ಇಟ್ಟುಕೊಳ್ಳುವವನನ್ನೇ ಹೊರಗೆ ಕೂರಿಸಿದರೆ? ಟೋಕಿಯೋದಲ್ಲಿ ಅವನು ಮಾಡಿ ತೋರಿಸಿದ್ದು ಅದನ್ನೇ ತಾನೆ?

ಹಾಗಂತ ಅವನೇನು ಸಾಧು ಅಲ್ಲ. ವಾನ್ ಗಾಲ್ ಜೊತೆ ಆಗಲಿಲ್ಲ ಬಿಡಿ, ಅಷ್ಟು ನಂಬಿದ್ದ ಪೆಲೆಗ್ರಿನಿ ಜೊತೆಗೂ ಕೆಡಿಸಿಕೊಂಡ. 2009ರಲ್ಲಿ ಮರಡೋನಾ ಕೋಚ್ ಆಗಿದ್ದಾಗ ರಾಷ್ಟ್ರ ತಂಡವನ್ನೇ ಬಿಟ್ಟ. ಎಲ್ಲ ಜಗಳದಲ್ಲೂ ತಪ್ಪು ಎದುರಿನವರದ್ದೇ ಅಂದರೆ ಅದು ಅಭಿಮಾನಿಯ ಕುರುಡು. ಇನ್ನೂ ಒಂದು ನಿಜ: ಅವನನ್ನು ಕಟ್ಟಿಹಾಕಿದರೆ ಇಡೀ ತಂಡ ನಿಂತುಹೋಗುತ್ತಿತ್ತು. ಆಮೇಲಿನ ಕೋಚ್‌ಗಳು ಒಬ್ಬನ ಮೇಲೆ ಇಷ್ಟು ಭಾರ ಹಾಕೋಕೆ ಹೆದರಿದ್ದರಲ್ಲಿ ಅರ್ಥವಿದೆ.

ಆದರೂ ಭಾರ ಹಾಕಿದಾಗ ಏನಾಗುತ್ತಿತ್ತು ಅನ್ನೋದಕ್ಕೆ 2007 ಇದೆ. ವಿಲ್ಲಾರಿಯಲ್‌ನಿಂದ ಎರವಲಾಗಿ ಬೊಕಾಗೆ ಮರಳಿದ. ಲಿಬರ್ಟಡೋರೆಸ್ ಫೈನಲ್‌ನಲ್ಲಿ ಬ್ರೆಜಿಲ್‌ನ ಗ್ರೆಮಿಯೊ ವಿರುದ್ಧ ಎರಡು ಪಂದ್ಯ ಸೇರಿ 5-0, ಅದರಲ್ಲಿ ಮೂರು ಇವನದೇ. ಎರಡು ಗೋಲು ಎದುರಾಳಿಯ ಊರಿನಲ್ಲೇ. ವಯಸ್ಸು ಆಗ ಇನ್ನೂ 28, ಇಪ್ಪತ್ತೊಂಬತ್ತಕ್ಕೆ ಕೆಲವೇ ದಿನ. ಮರುವರ್ಷ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ನಾಯಕನಾಗಿ ಚಿನ್ನ. ಆ ತಂಡದಲ್ಲಿ ಮೆಸ್ಸಿ ಇದ್ದ, ಡಿ ಮರಿಯಾ ಇದ್ದ. ಇಬ್ಬರೂ ಆಗ ಹುಡುಗರು.

2015ರ ಜನವರಿಯಲ್ಲಿ ನಿವೃತ್ತಿ ಹೇಳಿದ. ಬೀಳ್ಕೊಡುಗೆ ಪಂದ್ಯ ನಡೆದದ್ದು 2023ರ ಜೂನ್ 25ಕ್ಕೆ, ಅಂದರೆ ಎಂಟು ವರ್ಷ ಬಿಟ್ಟು! ಅದನ್ನೂ ನಿಧಾನವಾಗಿಯೇ ಮಾಡಿದ ಮಹಾರಾಯ. ಅವನದೂ ಮೆಸ್ಸಿಯದೂ ಹುಟ್ಟುಹಬ್ಬ ಒಂದೇ ದಿನ, ಜೂನ್ 24. ಮರುದಿನ ಬೊಕಾದ ಬೊಂಬೊನೇರಾ ಮೈದಾನಕ್ಕೆ ಮೆಸ್ಸಿ ಬಂದಿದ್ದ, ವಿಶ್ವಕಪ್ ಗೆದ್ದು ಆರು ತಿಂಗಳಾಗಿತ್ತು. ಬರ್ಲಿನ್‌ನ ಆ ಸಂಜೆ 10ನೇ ನಂಬರ್ ಅಂಗಿ ರಿಕೆಲ್ಮೆ ಮೈಮೇಲಿತ್ತು. ಹತ್ತೊಂಬತ್ತರ ಮೆಸ್ಸಿ ಬೆಂಚಿನಲ್ಲಿ ಕೂತು ನೋಡುತ್ತಿದ್ದ.