ಅಂಗಳದ ಹಳದಿ ಹಾಸಿಗೆ: ನಮ್ಮದೋ, ಪರದೇಶದ್ದೋ?

ಗೇಟಿನ ಪಕ್ಕ ನಾಲ್ಕಡಿ ಮಣ್ಣು ಸಿಕ್ಕರೆ ಸಾಕು, ಅಲ್ಲೊಂದಿಷ್ಟು ಹಸಿರು, ನಾಲ್ಕು ಹೂವು ಇರಲಿ ಅನ್ನೋದು ನಮ್ಮೆಲ್ಲರ ಆಸೆ. ಲಾನ್ ಬೆಳೆಸೋಣ ಅಂದ್ರೆ ನೀರು ಹಾಕಬೇಕು, ಕತ್ತರಿಸಬೇಕು, ಕಳೆ ಕೀಳಬೇಕು. ಅಡುಗೆ, ಮಕ್ಕಳ ಟಿಫಿನ್ ಡಬ್ಬಿಗಳ ನಡುವೆ ಅಷ್ಟೆಲ್ಲ ಪುರುಸೊತ್ತು ಯಾರಿಗಿದೆ? ಇದಕ್ಕೆ ನರ್ಸರಿಯವರು ಹೇಳುವ ಸುಲಭ ಪರಿಹಾರ ‘ವೆಡೇಲಿಯಾ’. ನೆಲಕ್ಕೆ ಅಂಟಿಕೊಂಡು ಹಬ್ಬುವ, ಪುಟ್ಟ ಸೂರ್ಯಕಾಂತಿಯಂಥ ಹಳದಿ ಹೂ ಬಿಡುವ ಗಿಡ. ರಸ್ತೆ ವಿಭಜಕ, ಪಾರ್ಕು, ಅಪಾರ್ಟ್‌ಮೆಂಟು, ಎಲ್ಲೆಲ್ಲೂ ಅದೇ.

ನೋಡೋಕೆ ಚೆಂದ ನಿಜ. ಆದರೆ ಅದು ನಮ್ಮ ಗಿಡ ಅಲ್ಲ ಅನ್ನೋದು ನಿಮಗೆ ಗೊತ್ತೇ? ಅದರ ತವರು ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳ ಕಡೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳು ಅಂತ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು 2000ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಇದರ ಹೆಸರಿದೆ. ಕಾರಣ ಸರಳ. ಕಾಂಡದ ಪ್ರತಿ ಗೆಣ್ಣೂ ಮಣ್ಣು ಮುಟ್ಟಿದಲ್ಲಿ ಬೇರು ಬಿಡುತ್ತದೆ. ನಾವು ಕತ್ತರಿಸಿ ಖಾಲಿ ಸೈಟಿಗೋ ಚರಂಡಿಗೋ ಎಸೆದ ಒಂದು ತುಂಡು ಸಾಕು. ಅಲ್ಲಿಂದ ಕೆರೆಯ ದಂಡೆಗೆ ತಲುಪಿ, ಅಲ್ಲಿನ ಗರಿಕೆ, ಒಂದೆಲಗ, ಹೊನಗೊನ್ನೆಯನ್ನೆಲ್ಲ ಮುಚ್ಚಿಹಾಕಬಲ್ಲದು.

‘ಒಂದು ಹೂವಿನ ಗಿಡಕ್ಕೆ ಇಷ್ಟೆಲ್ಲ ರಗಳೆಯಾ?’ ಅನ್ನಬೇಡಿ. ಇವತ್ತು ಬಂಡೀಪುರದ ಕಾಡನ್ನು ಆವರಿಸಿರುವ ಲಂಟಾನ ಕೂಡ ಬ್ರಿಟಿಷರ ಕಾಲದಲ್ಲಿ ತೋಟದ ಅಲಂಕಾರಕ್ಕೆಂದೇ ಈ ದೇಶಕ್ಕೆ ಬಂದದ್ದು. ಈಗ ಅದನ್ನು ಕಿತ್ತು ಮುಗಿಸೋದೇ ಆಗದ ಕೆಲಸವಾಗಿದೆ. ಅಂಗಳದ ಗಿಡ ಅಂಗಳದಲ್ಲೇ ಇರುತ್ತದೆ ಅನ್ನೋದು ನಮ್ಮ ಭ್ರಮೆ.

ಹಾಗಾದ್ರೆ ಹಳದಿ ಹಾಸಿಗೆಯ ಆಸೆ ಬಿಡಬೇಕಾ? ಖಂಡಿತ ಬೇಡ. ಇದೇ ಗಿಡಕ್ಕೆ ನಮ್ಮಲ್ಲೇ ಒಬ್ಬಳು ತಂಗಿ ಇದ್ದಾಳೆ. ಗದ್ದೆಯ ಬದು, ಕಾಲುವೆಯ ಪಕ್ಕದಂಥ ತೇವದ ಜಾಗದಲ್ಲಿ ತಾನಾಗಿಯೇ ಬೆಳೆಯುವ ಹಳದಿ ಹೂವಿನ ಗರುಗ. ಆಯುರ್ವೇದದಲ್ಲಿ ಇದಕ್ಕೆ ಪೀತಭೃಂಗರಾಜ ಅನ್ನುತ್ತಾರೆ. ಕೂದಲಿಗೆ ಎಣ್ಣೆ ಕಾಯಿಸಲು ಅಜ್ಜಿಯರು ಬಳಸುವ ಬಿಳಿ ಹೂವಿನ ಗರುಗ ಇದರ ಹತ್ತಿರದ ಸಂಬಂಧಿ.

ಇಬ್ಬರನ್ನೂ ಗುರುತಿಸೋದು ಹೇಗೆ? ಎಲೆ ನೋಡಿ. ಪರದೇಶದ ಗಿಡದ ಎಲೆ ದಪ್ಪ, ಹೊಳಪು, ಸಾಮಾನ್ಯವಾಗಿ ಮೂರು ಹಾಲೆಗಳಾಗಿ ಸೀಳಿದಂತೆ ಇರುತ್ತದೆ. ನಮ್ಮದರ ಎಲೆ ಸಪೂರ, ಉದ್ದ, ಮುಟ್ಟಿದರೆ ಒರಟು, ಸೀಳು ಇರುವುದಿಲ್ಲ. ಹೂವೂ ಸ್ವಲ್ಪ ಚಿಕ್ಕದು. ಔಷಧಿ ಸಸ್ಯಗಳ ನರ್ಸರಿಯಲ್ಲಿ ಕೇಳಿ. ಊರಿಗೆ ಹೋದಾಗ ಗದ್ದೆ ಬದುವಿನಲ್ಲಿ ಕಂಡರೆ, ಗಿಡ ಬಲ್ಲವರಿಗೆ ತೋರಿಸಿ ಖಚಿತ ಮಾಡಿಕೊಂಡು ಎರಡು ಬಳ್ಳಿ ತನ್ನಿ.

ಬೆಳೆಸುವ ವಿಧಾನ

* ಮಳೆಗಾಲದ ಶುರು, ಅಂದರೆ ಜೂನ್-ಜುಲೈ ನೆಡಲು ಒಳ್ಳೆಯ ಸಮಯ. ಮೂರ್ನಾಲ್ಕು ಗೆಣ್ಣಿರುವ ಗೇಣುದ್ದದ ತುಂಡು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮಣ್ಣಿನೊಳಗೆ ಇರುವಂತೆ ನೆಡಿ.

* ಮಣ್ಣಿಗೆ ಮನೆಯಲ್ಲೇ ಮಾಡಿದ ಕಾಂಪೋಸ್ಟ್ ಬೆರೆಸಿದರೆ ಸಾಕು. ಒಂದೊಂದು ತುಂಡಿನ ನಡುವೆ ಸುಮಾರು ಒಂದಡಿ ಅಂತರ ಇರಲಿ.

* ಬೆಳಗಿನ ಬಿಸಿಲು ಬೀಳುವ ಜಾಗ ಉತ್ತಮ. ಪೂರ್ತಿ ನೆರಳಾದರೆ ಎಲೆ ಬೆಳೆಯುತ್ತದೆ, ಹೂ ಕಡಿಮೆ.

* ಇದು ತೇವ ಇಷ್ಟಪಡುವ ಗಿಡ. ಹಾಗಾಗಿ ಹೊರಗಿನ ನಲ್ಲಿಯ ಪಕ್ಕ, ಕುಂಡಗಳ ನೀರು ಹರಿದುಹೋಗುವ ಕಡೆ ಹಾಕಿ. ಅಕ್ಕಿ, ತರಕಾರಿ ತೊಳೆದ ನೀರೇ ಇದಕ್ಕೆ ಮೀಸಲಿಡಿ. ಸೋಪಿನ ನೀರು ಬೇಡ.

* ನಮ್ಮ ಗಿಡವೂ ಹಬ್ಬುವ ಗಿಡವೇ! ಅಂಚಿಗೆ ಇಟ್ಟಿಗೆ ಇಟ್ಟು, ಆಗಾಗ ಕತ್ತರಿಸುತ್ತಿರಿ. ಬಾಲ್ಕನಿ ಮಾತ್ರ ಇರುವವರು ಅಗಲ ಬಾಯಿಯ ಕುಂಡದಲ್ಲಿ ಇಳಿಬಿಡಬಹುದು.

ಈಗಾಗಲೇ ಪರದೇಶದ್ದು ಬೆಳೆಸಿದ್ದರೆ ಗಾಬರಿ ಬೇಡ. ಮಳೆ ಬಂದು ಮಣ್ಣು ಸಡಿಲವಾದಾಗ ಬೇರು ಸಮೇತ ಕಿತ್ತುಬಿಡಿ. ಕಿತ್ತದ್ದನ್ನು ಮಣ್ಣಿನ ಮೇಲೆ ಹಾಕದೆ, ತಾರಸಿಯಲ್ಲಿ ಹಾಳೆಯ ಮೇಲೆ ಹರಡಿ ಗರಿಗರಿ ಒಣಗುವವರೆಗೆ ಬಿಸಿಲಿಗಿಡಿ. ಉಳಿದ ಗೆಣ್ಣು ಮತ್ತೆ ಚಿಗುರುತ್ತದೆ, ಆದ್ದರಿಂದ ಕೆಲವು ತಿಂಗಳು ಕಣ್ಣಿಟ್ಟಿರಿ. ಎರಡನ್ನೂ ಅಕ್ಕಪಕ್ಕ ಮಾತ್ರ ಬೆಳೆಸಬೇಡಿ. ಚೀನಾದಲ್ಲಿ ಇವೆರಡೂ ಬೆರೆತು ಮಿಶ್ರತಳಿ ಹುಟ್ಟಿರುವುದನ್ನು ಸಸ್ಯವಿಜ್ಞಾನಿಗಳು ದಾಖಲಿಸಿದ್ದಾರೆ.

ಎರಡು ಎಚ್ಚರಿಕೆ. ಇವು ಸೇವಂತಿಗೆ, ಕಾಂಗ್ರೆಸ್ ಗಿಡದ ಕುಟುಂಬಕ್ಕೇ ಸೇರಿದವು. ಕಾಂಗ್ರೆಸ್ ಗಿಡದಿಂದ ಚರ್ಮದ ಅಲರ್ಜಿ ಆಗುವವರು ಕೈಗವಸು ಹಾಕಿಕೊಂಡೇ ಮುಟ್ಟಿ. ಇನ್ನು, ಔಷಧಿ ಗಿಡ ಅಂತ ಮನೆಯಲ್ಲೇ ರಸ ಹಿಂಡಿ ಮಕ್ಕಳಿಗೆ ಕುಡಿಸಬೇಡಿ. ಕಾಮಾಲೆಗೆ ಒಳ್ಳೇದಂತೆ ಅಂತ ಯಾರೋ ಹೇಳಿದರೂ ಮೊದಲು ವೈದ್ಯರನ್ನೇ ಕೇಳಿ.

ನಗರದ ಕೆರೆ, ಕಾಡುಗಳ ವಿಷಯ ಬಂದಾಗ ಅದೆಲ್ಲ ಸರ್ಕಾರದ ಕೆಲಸ ಅಂದುಬಿಡುತ್ತೇವೆ. ಆದರೆ ಅಂಗಳದಲ್ಲಿ ಏನು ನೆಡಬೇಕು, ಕತ್ತರಿಸಿದ್ದನ್ನು ಎಲ್ಲಿ ಎಸೆಯಬಾರದು ಅನ್ನೋ ನಿರ್ಧಾರ ಪೂರ್ತಿ ನಮ್ಮ ಕೈಲಿದೆ. ಅಪಾರ್ಟ್‌ಮೆಂಟಿನ ಮುಂದಿನ ಮೀಟಿಂಗಿನಲ್ಲಿ ಈ ವಿಷಯ ಎತ್ತಿ. ಪಕ್ಕದ ಮನೆಯವರು ಗಿಡ ಕೇಳಿದರೆ ಸೀಳಿಲ್ಲದ ಎಲೆಯ ನಮ್ಮ ಗರುಗದ ತುಂಡನ್ನೇ ಕೊಡಿ. ಜೇನು, ಚಿಟ್ಟೆಗಳು ಅವರ ಮನೆಗೂ ಬರಲಿ!