ಹಾಕಿಕೊಟ್ಟವರೇ ನೋಡಿಕೊಳ್ಳಬೇಕು

ಕಾಚಿಗುಡದ ಮೇಷ್ಟ್ರು ಫೋನ್ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ. ಆ ಹೊತ್ತಿಗೆ ಫೋನ್ ಬಂತೆಂದರೆ ಊರಿನ ಕಡೆ ಏನೋ ಆಗಿರಬೇಕೆಂದು ಎದ್ದು ಕೂರುವವನು ನಾನು.

"ತಮ್ಮಾ, ನೀ ಹಾಕಿಕೊಟ್ಟ ಲಿನಕ್ಸು ನನ್ನ ಪುಸ್ತಕ ನುಂಗ್ಯಾದ ನೋಡು. ತೆರದ್ರ ಬರೀ ಇಂಗ್ಲಿಷ್ ಅಕ್ಷರ, ತಲಿ ಮ್ಯಾಲೆ ಗೀಟು, ಚುಕ್ಕಿ. ಒಂದ್ ಸಾಲೂ ಕನ್ನಡ ಇಲ್ಲ."

ಮೇಷ್ಟ್ರು ಬೀದರ್ ಕಡೆಯವರು. ಹೈದರಾಬಾದಿನಲ್ಲೇ ಕನ್ನಡ ಕಲಿಸಿ ನಿವೃತ್ತರಾದವರು. 1956ಕ್ಕೆ ಮೊದಲು ಬೀದರ್, ಕಲಬುರಗಿ, ರಾಯಚೂರುಗಳಿಗೆ ಇದೇ ರಾಜಧಾನಿ. ಗಡಿ ಬದಲಾದರೂ ಕೆಲವು ಮನೆಗಳು ಇಲ್ಲೇ ಉಳಿದವು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇವೆಲ್ಲ ಆ ಉಳಿದವರ ಗುರುತುಗಳು. ಮೇಷ್ಟ್ರು ತಮ್ಮ ಊರಿನ ಚರಿತ್ರೆಯನ್ನು ಬರೆಯುತ್ತಿದ್ದಾರೆ. 2006ರಿಂದ ಬರೆಯುತ್ತಲೇ ಇದ್ದಾರೆ. ನಾನೂರಕ್ಕೂ ಹೆಚ್ಚು ಪುಟ, ಎಲ್ಲವೂ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು.

ಅವರ ಕಂಪ್ಯೂಟರಿಗೆ ಲಿನಕ್ಸ್ ಹಾಕಿದವನು ನಾನೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅವರ ಹಳೆಯ ಯಂತ್ರ ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಇಲ್ಲದ್ದು. ಹೊಸದು ಕೊಳ್ಳಲು ಹೇಳುವ ಮನಸ್ಸಾಗಲಿಲ್ಲ. ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಒಂದು ಸಂಜೆಯಲ್ಲಿ ಲಿನಕ್ಸ್ ಕೂರಿಸಿ, ಚಹಾ ಕುಡಿದು, ಒಂದು ಪುಟ್ಟ ಭಾಷಣವನ್ನೂ ಬಿಗಿದು ಬಂದಿದ್ದೆ. ಸ್ವಾತಂತ್ರ್ಯ, ವೈರಸ್ ಇಲ್ಲ, ದುಡ್ಡಿಲ್ಲ ಇತ್ಯಾದಿ. ಅವರ ಪುಸ್ತಕದ ಕಡತವನ್ನು ಒಮ್ಮೆ ತೆರೆದು ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ಈ ಬರಹದಲ್ಲಿ ನಾನು ಹೇಳಬೇಕಾದದ್ದು ನನ್ನಂಥವರ ಬಗ್ಗೆಯೇ. ಲಿನಕ್ಸ್ ಡೆಸ್ಕ್‌ಟಾಪ್ ಸಾಮಾನ್ಯರಿಗಲ್ಲ ಎಂಬ ಮಾತನ್ನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇವೆ. ಅದು ಸುಳ್ಳು. ಆದರೆ ಅದನ್ನು ನಿಜ ಮಾಡುತ್ತಿರುವವರು ನಾವು, ಹಾಕಿಕೊಟ್ಟು ಹೊರಟುಹೋಗುವವರು.

ಮೊದಲು ಮೇಷ್ಟ್ರ ಪುಸ್ತಕದ ವಿಷಯ. ಅದನ್ನು ಯಾರೂ ನುಂಗಿರಲಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಒಂದು ಸ್ಥಾನದಲ್ಲಿ ಕಕಾರದ ಮೈ, ಇನ್ನೊಂದರಲ್ಲಿ ತಲೆಕಟ್ಟು, ಮತ್ತೊಂದರಲ್ಲಿ ಒತ್ತು. ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಾಲೇ. ಅದಕ್ಕೆ ಕನ್ನಡದ ವೇಷ ಹಾಕುವುದು ಫಾಂಟ್. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲವಾದ್ದರಿಂದ ವೇಷ ಕಳಚಿ ಬಿದ್ದಿತ್ತು, ಅಷ್ಟೆ. ಹಳೆಯ ಡಿಸ್ಕಿನಿಂದ ಫಾಂಟ್ ಕಡತವನ್ನು ತಂದು ಲಿನಕ್ಸಿನ ಫಾಂಟ್ ಕೋಶಕ್ಕೆ ಹಾಕಿ ಲಿಬ್ರೆಆಫೀಸ್ ಮುಚ್ಚಿ ತೆರೆದರೆ ಊರಿನ ಚರಿತ್ರೆ ಮತ್ತೆ ಕನ್ನಡದಲ್ಲಿ. ಹತ್ತು ನಿಮಿಷದ ಕೆಲಸ. ಆದರೆ ಆ ಹತ್ತು ನಿಮಿಷಕ್ಕೆ ಮುಂಚಿನ ಒಂದು ರಾತ್ರಿ ಮೇಷ್ಟ್ರು ನಿದ್ದೆ ಮಾಡಿರಲಿಲ್ಲವೆಂದು ಅಮ್ಮನವರು ಆಮೇಲೆ ಹೇಳಿದರು.

ಇನ್ನೂ ಒಂದು ವಿಷಯ ಮೇಷ್ಟ್ರು ತಾವೇ ಹೇಳಿದರು. ನನಗೆ ಫೋನ್ ಮಾಡುವ ಮುಂಚೆ, ಶನಿವಾರ ಸಂಜೆ, ಒಂದು ರಿಪೇರಿ ಅಂಗಡಿಗೆ ಹೋಗಿ ಕೇಳಿದ್ದರಂತೆ. ಹುಡುಗ ತೆರೆದೂ ನೋಡದೆ "ಫಾರ್ಮ್ಯಾಟ್ ಮಾಡ್ಬೇಕು ಸರ್, ವಿಂಡೋಸ್ ಹಾಕಿಕೊಡ್ತೀನಿ" ಎಂದನಂತೆ. ಆ ಹುಡುಗನನ್ನು ನಾನು ದೂರುವುದಿಲ್ಲ. ಸಿಕಂದರಾಬಾದಿನ ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಸತ್ತ ಮದರ್‌ಬೋರ್ಡಿಗೆ ಜೀವ ತರುವ ಕೈಗಳನ್ನು ನಾನೇ ನೋಡಿದ್ದೇನೆ. ಆದರೆ ತಂತ್ರಾಂಶದ ರೋಗಕ್ಕೆ ನಮ್ಮ ಊರುಗಳಲ್ಲಿ ಇರುವುದು ಒಂದೇ ಮದ್ದು, ಫಾರ್ಮ್ಯಾಟ್. ತಲೆನೋವಿಗೆ ತಲೆ ಬದಲಿಸುವ ವೈದ್ಯ.

ಲಿನಕ್ಸಿನಲ್ಲಿ ಬಹುಪಾಲು ತೊಂದರೆಗೆ ಫಾರ್ಮ್ಯಾಟ್ ಬೇಕಿಲ್ಲ, ಏಕೆಂದರೆ ಯಂತ್ರ ತನಗೇನಾಗಿದೆ ಎಂದು ಬರೆದಿಡುತ್ತದೆ. ಹೈದರಾಬಾದಿನ ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದ ಮೇಲೆ ಕಂಪ್ಯೂಟರ್ ಕಪ್ಪು ಪರದೆಯಲ್ಲಿ 'ಇನಿಟ್‌ರಾಮ್‌ಎಫ್‌ಎಸ್' ಎಂದು ಬರೆದು ಸುಮ್ಮನೆ ನಿಂತಿದೆ ಎಂದುಕೊಳ್ಳಿ. ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದರ ಮೇಲಿನ ಎರಡು ಸಾಲು ಓದಿದರೆ ಡಿಸ್ಕಿನ ಯಾವ ಭಾಗವನ್ನು ಕೈಯಾರೆ ಪರೀಕ್ಷಿಸಬೇಕು ಎಂಬುದು ಹೆಸರು ಸಮೇತ ಇರುತ್ತದೆ. ಎಫ್‌ಎಸ್‌ಸಿಕೆ ಎಂಬ ಆದೇಶಕ್ಕೆ ಆ ಹೆಸರನ್ನು ಕೊಟ್ಟು ಓಡಿಸಿದರೆ ಹೆಚ್ಚಿನ ಸಲ ಯಂತ್ರ ಎದ್ದು ಕೂರುತ್ತದೆ. ಎದ್ದ ಮೇಲೆ ಮೊದಲ ಕೆಲಸ ಕಡತಗಳ ನಕಲು, ಎರಡನೆಯದು ಒಂದು ಯುಪಿಎಸ್. ಮತ್ತೆ ಮತ್ತೆ ಅದೇ ಆಗುತ್ತಿದ್ದರೆ ಡಿಸ್ಕೇ ಮುಪ್ಪಾಗಿದೆ ಎಂದರ್ಥ. ಅದನ್ನು ಬದಲಿಸಬೇಕು.

ಗಡಿಯಾರದ ತೊಂದರೆ ನನಗೆ ಬಹಳ ಇಷ್ಟ. ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದರೆ ಲಿನಕ್ಸಿನಿಂದ ವಿಂಡೋಸಿಗೆ ಹೋದಾಗ ಹೊತ್ತು ಸರಿಯಾಗಿ ಐದೂವರೆ ಗಂಟೆ ಹಿಂದೆ ಇರುತ್ತದೆ. ಬ್ಯಾಟರಿ ಹೋಗಿದೆ ಎಂದು ಹೊಸ ಸೆಲ್ ಹಾಕಿಸಿದವರಿದ್ದಾರೆ. ಸೆಲ್ ಹೋದರೆ ಹೊತ್ತು ಲೆಕ್ಕವಿಲ್ಲದೆ ತಪ್ಪುತ್ತದೆ. ನಿಖರವಾಗಿ ಐದೂವರೆ ಗಂಟೆ ತಪ್ಪುವುದಕ್ಕೆ ಕಾರಣ ಬೇರೆ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯವೆಂದು ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ. ನಮ್ಮ ದೇಶಕ್ಕೂ ಜಾಗತಿಕ ಸಮಯಕ್ಕೂ ಇರುವ ಅಂತರ ಅಷ್ಟೇ. ತಪ್ಪಿನ ಅಳತೆಯೇ ಅದರ ಕಾರಣವನ್ನು ಹೇಳುತ್ತದೆ. ಟೈಮ್‌ಡೇಟ್‌ಸಿಟಿಎಲ್ ಎಂಬ ಆದೇಶದಿಂದ ಲಿನಕ್ಸನ್ನೂ ಸ್ಥಳೀಯ ಸಮಯಕ್ಕೆ ಒಪ್ಪಿಸಬಹುದು.

ವೈಫೈ ಸಿಗದಿದ್ದರೆ? ಚಾಲಕ ತಂತ್ರಾಂಶ ಇಳಿಸಿಕೊಳ್ಳಲು ಅಂತರಜಾಲ ಬೇಕು, ಅಂತರಜಾಲಕ್ಕೆ ಚಾಲಕ ಬೇಕು. ಹುಚ್ಚು ಬಿಡುವ ಹೊರತು ಮದುವೆಯಾಗದು, ಮದುವೆಯಾಗುವ ಹೊರತು ಹುಚ್ಚು ಬಿಡದು ಎಂಬ ಹಾಗೆ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲಿನಿಂದ ಕಂಪ್ಯೂಟರಿಗೆ ಸೇರಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಒತ್ತಿ. ಲಿನಕ್ಸ್ ಅದನ್ನು ತಂತಿಯ ಜಾಲವೆಂದೇ ತಿಳಿದು ಕೂಡಲೇ ಒಪ್ಪಿಕೊಳ್ಳುತ್ತದೆ. ಇಷ್ಟು ಸರಳ ವಿಷಯವನ್ನು ನಾನು ಕಲಿತದ್ದು ಎಷ್ಟೋ ವರ್ಷ ಡ್ರೈವರುಗಳನ್ನು ಪೆನ್‌ಡ್ರೈವಿನಲ್ಲಿ ಹೊತ್ತು ಅಲೆದ ಮೇಲೆ.

ಪ್ರಿಂಟರ್ ಮಾತ್ರ ನಿಜಕ್ಕೂ ತಲೆನೋವು. ಇಲ್ಲಿ ಲಿನಕ್ಸಿನ ಪರ ವಕಾಲತ್ತು ವಹಿಸುವುದು ಅಪ್ರಾಮಾಣಿಕತೆಯಾಗುತ್ತದೆ. ಕಡಿಮೆ ಬೆಲೆಯ ಹಲವು ಲೇಸರ್ ಪ್ರಿಂಟರುಗಳಿಗೆ ಸ್ವಂತ ಬುದ್ಧಿ ಇಲ್ಲ. ಪುಟವನ್ನು ಚುಕ್ಕಿಚುಕ್ಕಿಯಾಗಿ ಸಿದ್ಧಪಡಿಸುವ ಕೆಲಸವನ್ನೆಲ್ಲ ಕಂಪ್ಯೂಟರಿಗೇ ಬಿಟ್ಟಿರುತ್ತವೆ, ಮತ್ತು ಆ ಚುಕ್ಕಿಗಳನ್ನು ಕಳಿಸುವ ಭಾಷೆಯನ್ನು ತಯಾರಕರು ಗುಟ್ಟಾಗಿ ಇಟ್ಟಿರುತ್ತಾರೆ. ಗುಟ್ಟನ್ನು ಊಹಿಸಿ ಸ್ವಯಂಸೇವಕರು ಚಾಲಕ ಬರೆಯುತ್ತಾರೆ. ಕೆಲವೊಮ್ಮೆ ನಡೆಯುತ್ತದೆ, ಕೆಲವೊಮ್ಮೆ ಮೂರನೇ ಪುಟಕ್ಕೆ ನಿಲ್ಲುತ್ತದೆ. ಈಗಿನ ಹಲವು ಪ್ರಿಂಟರುಗಳು ಚಾಲಕವೇ ಬೇಡದ ಮುಕ್ತ ಪದ್ಧತಿಯನ್ನು ಪಾಲಿಸುತ್ತವೆ. ಐಫೋನಿನಿಂದ ನೇರವಾಗಿ ಮುದ್ರಿಸುವ ಏರ್‌ಪ್ರಿಂಟ್ ಸೌಲಭ್ಯ ಇದೆಯೇ ಎಂದು ಡಬ್ಬದ ಮೇಲೆ ನೋಡಿ ಕೊಳ್ಳಿ. ಇದ್ದರೆ ಲಿನಕ್ಸಿನಲ್ಲೂ ನಡೆಯುವ ಸಾಧ್ಯತೆ ಬಹಳ ಹೆಚ್ಚು. ಈಗಾಗಲೇ ಮನೆಯಲ್ಲಿರುವ ಹಳೆಯ ಪ್ರಿಂಟರ್ ನಡೆಯದಿದ್ದರೆ ಪಿಡಿಎಫ್ ಮಾಡಿ ಬೀದಿ ತುದಿಯ ಜೆರಾಕ್ಸ್ ಅಂಗಡಿಗೆ ಒಯ್ಯಿರಿ. ಅದರಲ್ಲಿ ಸೋಲೇನೂ ಇಲ್ಲ.

ತಮಾಷೆಯೆಂದರೆ ಸ್ವತಂತ್ರ ತಂತ್ರಾಂಶದ ಕತೆ ಶುರುವಾದದ್ದೂ ಪ್ರಿಂಟರಿನಿಂದಲೇ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಮುಟ್ಟುವಂತೆ ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿದ್ದ ರಿಚರ್ಡ್ ಸ್ಟಾಲ್ಮನ್ ಇದಕ್ಕೂ ಹಾಗೇ ಮಾಡಲು ಹೊರಟರು. ಮೂಲ ಸಂಕೇತ ಇಟ್ಟುಕೊಂಡಿದ್ದವರು, ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ ಎಂದುಬಿಟ್ಟರು. 1983ರಲ್ಲಿ ಸ್ಟಾಲ್ಮನ್ ಗ್ನೂ ಯೋಜನೆ ಘೋಷಿಸಿದ್ದರ ಹಿಂದೆ ಆ ಸಿಟ್ಟೂ ಇತ್ತು. ಅಂದರೆ ಈ ಚಳವಳಿಯ ಮೂಲದಲ್ಲಿ ಇರುವುದು ದೊಡ್ಡ ತತ್ವವಲ್ಲ, ಕೆಟ್ಟದ್ದನ್ನು ನಾನೇ ಸರಿಪಡಿಸಿಕೊಳ್ಳುತ್ತೇನೆ ಬಿಡಿ ಎಂಬ ರಿಪೇರಿಯವನ ಹಟ. ನಾವು ಭಾಷಣ ಉಳಿಸಿಕೊಂಡು ರಿಪೇರಿ ಮರೆತಿದ್ದೇವೆ.

ವಿಂಡೋಸ್ ಕೆಡುವುದಿಲ್ಲವೇ? ಕೆಡುತ್ತದೆ. ಅದಕ್ಕೆ ಇರುವುದು ಕಡಿಮೆ ರೋಗವಲ್ಲ, ಹೆಚ್ಚು ನೆರೆಹೊರೆ. ಪಕ್ಕದ ಮನೆಯ ಹುಡುಗಿಗೆ ಗೊತ್ತು, ಬ್ಯಾಂಕಿನಲ್ಲಿರುವ ಅಳಿಯನಿಗೆ ಗೊತ್ತು, ಅಂಗಡಿಯವನಿಗಂತೂ ಗೊತ್ತೇ ಇದೆ. ಲಿನಕ್ಸ್ ಬಳಸುವವನಿಗೆ ಬೀದಿಯಲ್ಲಿ ಕೇಳಲು ಯಾರೂ ಇಲ್ಲ. ಆಗ ಅವನು ಅಂತರಜಾಲದಲ್ಲಿ ಹುಡುಕುತ್ತಾನೆ. ಹತ್ತು ವರ್ಷದ ಹಿಂದೆ ಬೇರೆ ಯಾವುದೋ ಆವೃತ್ತಿಗೆ ಯಾರೋ ಬರೆದ ಆದೇಶ ಸಿಗುತ್ತದೆ. ಸುಡೋ ಎಂದು ಶುರುವಾಗುವ ಅದನ್ನು ಅರ್ಥ ತಿಳಿಯದೆ ಅಂಟಿಸುತ್ತಾನೆ. ಮೊದಲಿದ್ದ ತೊಂದರೆ ಒಂದು, ಈಗ ಮೂರು.

ನೆರೆಹೊರೆಯನ್ನು ಕಟ್ಟಬಹುದು ಎಂಬುದಕ್ಕೆ ಕೇರಳ ಸಾಕ್ಷಿ. ಅಲ್ಲಿನ ಸರ್ಕಾರಿ ಶಾಲೆಗಳು ಐಟಿ ಅಟ್ ಸ್ಕೂಲ್ ಯೋಜನೆಯಡಿ ಲಿನಕ್ಸಿಗೆ ಬಂದವು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಯಿತು. ಹೆಸರು ಬದಲಾದದ್ದು ಮುಖ್ಯವಲ್ಲ. ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರು, ತರಬೇತಿ ಕೊಡುವವರನ್ನೇ ಮೇಷ್ಟ್ರುಗಳಿಂದ ಆರಿಸಿದರು, ಆಮೇಲೆ ಲಿಟಲ್ ಕೈಟ್ಸ್ ಎಂದು ಮಕ್ಕಳ ಕೂಟಗಳನ್ನು ಕಟ್ಟಿ ಅವರ ಕೈಗೂ ಕೆಲಸ ಕೊಟ್ಟರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಪಾಠ ಕನ್ನಡದಲ್ಲೇ ಸಿಗುತ್ತದೆ. ಕನ್ನಡದಲ್ಲಿ ಲಿನಕ್ಸ್ ಕಲಿಸುವ ಪಠ್ಯಪುಸ್ತಕ ಬೇಕೆಂದರೆ ಗಡಿಯಾಚೆಯ ಕನ್ನಡಿಗರ ಬಳಿ ಕೇಳಬೇಕು ಎಂಬುದು ಬೆಂಗಳೂರಿನವರು ಸ್ವಲ್ಪ ಯೋಚಿಸಬೇಕಾದ ಸಂಗತಿ. ಇಲ್ಲಿ ಹೈದರಾಬಾದಿನಲ್ಲಿ ಗಚ್ಚಿಬೌಲಿಯ ಸ್ವೇಚ್ಛಾ ಬಳಗ ತೆಲುಗಿಗೆ ಇಂಥ ಕೆಲಸ ಮಾಡಿದೆ. ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರೇ ಅದರ ಶಕ್ತಿ.

ಕನ್ನಡದಲ್ಲಿ ಕೆಲಸವೇ ಆಗಿಲ್ಲ ಎಂದಲ್ಲ. ಮೇಷ್ಟ್ರ ಬೆರಳಿಗೆ ಅಭ್ಯಾಸವಾಗಿದ್ದ, ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ 'ಕಗಪ' ಎಂಬ ಹೆಸರಲ್ಲೇ ಇದೆ. ಆರಿಸಿಕೊಂಡರೆ ಸಾಕು. ಗುಬ್ಬಿ, ನವಿಲು ಫಾಂಟುಗಳನ್ನು ಕನ್ನಡಿಗರೇ ಮಾಡಿ ಮುಕ್ತವಾಗಿ ಕೊಟ್ಟಿದ್ದಾರೆ. ಸಾಮಗ್ರಿ ಇದೆ. ಅದು ಎಲ್ಲಿದೆಯೆಂದು ತೋರಿಸುವ ಕೈ ಸಾಲದು.

ಅದಕ್ಕೇ ನಾನು ಈಗ ನನಗೆ ನಾನೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದೇನೆ. ಆರು ತಿಂಗಳು ಹೋಗಿ ಬರುವ ಮನಸ್ಸಿಲ್ಲದಿದ್ದರೆ ಯಾರ ಯಂತ್ರಕ್ಕೂ ಲಿನಕ್ಸ್ ಹಾಕುವುದಿಲ್ಲ. ಹಾಕುವ ಮುಂಚೆ ಪೆನ್‌ಡ್ರೈವಿನಿಂದಲೇ ಓಡಿಸಿ, ಅವರ ಕೈಯಲ್ಲೇ ಅವರ ಕಡತ, ಅವರ ಪ್ರಿಂಟರ್, ಅವರ ಬ್ಯಾಂಕು ತೆರೆಸುತ್ತೇನೆ. ಡಿಜಿಟಲ್ ಸಹಿಯ ಟೋಕನ್ ಬಳಸುವ ಲೆಕ್ಕಪರಿಶೋಧಕರೊಬ್ಬರಿಗೆ ಇತ್ತೀಚೆಗೆ ಬೇಡವೆಂದೇ ಹೇಳಿ ಬಂದೆ. ನನ್ನ ಗೆಳೆಯರು ಇದನ್ನು ದ್ರೋಹ ಎನ್ನುತ್ತಾರೆ. ಎನ್ನಲಿ. ಮುರಿದ ಯಂತ್ರದ ಮುಂದೆ ಒಬ್ಬಂಟಿಯಾಗಿ ಕೂತವನಿಗೆ ಸ್ವಾತಂತ್ರ್ಯದ ಮಾತು ಹೇಳುವುದು ನನಗೆ ಸರಿಕಾಣುವುದಿಲ್ಲ.

ಮೇಷ್ಟ್ರ ಕಂಪ್ಯೂಟರಿನ ಪಕ್ಕ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟು ಬಂದಿದ್ದೇನೆ. ಏನೇ ಆದರೂ ಪರದೆಯ ಮೇಲೆ ಬಂದದ್ದನ್ನು ಇದ್ದ ಹಾಗೆ ಬರೆಯಿರಿ, ಅದಕ್ಕೆ ಮುಂಚೆ ಏನು ಮಾಡಿದಿರಿ ಎಂಬುದನ್ನೂ ಬರೆಯಿರಿ, ಏನೂ ಒತ್ತಬೇಡಿ ಎಂದು ಕೇಳಿಕೊಂಡೆ. ಮೊದಮೊದಲು "ಏನೋ ಬಂತು, ಮುಚ್ಚಿದೆ" ಎಂದು ಬರೆಯುತ್ತಿದ್ದರು. ಈಗ ದಿನಾಂಕ ಹಾಕಿ, ತಪ್ಪಿನ ಸಾಲನ್ನು ಇಂಗ್ಲಿಷಿನಲ್ಲಿ ಅಕ್ಷರಕ್ಕೆ ಅಕ್ಷರ ಇಳಿಸಿ, ಕೆಳಗೆ ಕನ್ನಡದಲ್ಲಿ ಅರ್ಥ ಬರೆಯುತ್ತಾರೆ. ಡಿಸ್ಕು ತುಂಬಿದೆ ಎಂಬ ಸಂದೇಶ ಬಂದಾಗ ಹಳೆಯ ಕರ್ನಲುಗಳನ್ನು ಆಪ್ಟ್ ಆಟೊರಿಮೂವ್ ಆದೇಶದಿಂದ ತೆಗೆದುಹಾಕಿ, ಆಮೇಲೆ ನನಗೆ ಫೋನ್ ಮಾಡಿದರು. ಸಹಾಯ ಕೇಳಲು ಅಲ್ಲ, ಹೇಳಲು.

ಪುಸ್ತಕದ ಕೆಲಸ ಮುಗಿದಿಲ್ಲ. ಹಳೆಯ ಫಾಂಟ್ ಹಾಕಿದ್ದು ಪ್ರಥಮ ಚಿಕಿತ್ಸೆ ಮಾತ್ರ. ಇನ್ನು ಹತ್ತು ವರ್ಷಕ್ಕೂ ಓದಲು ಬರಬೇಕೆಂದರೆ ಎಲ್ಲವೂ ಯೂನಿಕೋಡ್ ಆಗಬೇಕು. ಪರಿವರ್ತಕ ತಂತ್ರಾಂಶ ಬಹುಪಾಲು ಸರಿಯಾಗಿ ಮಾಡಿದೆ, ಆದರೆ ಅರ್ಕಾವತ್ತಿನಲ್ಲಿ ಅಲ್ಲಲ್ಲಿ ಎಡವಿದೆ. ಹಳೆಯ ಪದ್ಧತಿಯಲ್ಲಿ ಅದು ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡಿನಲ್ಲಿ ಮೊದಲೇ ಬರಬೇಕು. ಹಾಗಾಗಿ ಪ್ರತಿ ಪುಟವನ್ನೂ ಕಣ್ಣಿಟ್ಟು ಓದಬೇಕು. ಮೇಷ್ಟ್ರು ಹಳೆಯ ಮುದ್ರಿತ ಪ್ರತಿಯನ್ನು ಹಿಡಿದು ಗಟ್ಟಿಯಾಗಿ ಓದುತ್ತಾರೆ, ನಾನು ಪರದೆಯಲ್ಲಿ ತಿದ್ದುತ್ತೇನೆ. ಭಾನುವಾರಕ್ಕೆ ಇಪ್ಪತ್ತು ಪುಟ. ಊರಿನ ಕೆರೆ ಒಡೆದ ವರ್ಷದವರೆಗೆ ಬಂದಿದ್ದೇವೆ.